ಅವಳಿಗೆ ಎರಡು ತಿಂಗಳು, ಅವರಿಗೆ ಎರಡು ವಾರ

ಲೆಮ್ಮರ್‌ ಎಂಬ ಪಕ್ಕದ ಊರಿನ ಈಜುಕೊಳದಿಂದ ಫೋನು ಬಂದಾಗ ಹಿಲ್ಕೆ ಮಗಳ ಡಬ್ಬಿಗೆ ಬ್ರೆಡ್ಡು, ಚೀಸು ತುಂಬುತ್ತಿದ್ದಳು. ಫೋನು ಮಾಡಿದವಳು ಔಕ್ಯೆ, ಅಲ್ಲಿನ ಮ್ಯಾನೇಜರು.

"ಕೆಲಸ ನಿಂದೇ ಕಣೇ. ಕಾಯಂ. ಆದ್ರೆ ಏಪ್ರಿಲ್ ಒಂದಕ್ಕೆ ಬಂದು ದಡದ ಮೇಲೆ ನಿಂತಿರಬೇಕು. ಅವತ್ತೇ ಶಾಲೆ ಮಕ್ಕಳ ಹೊಸ ತಂಡ ಶುರು. ಆಗುತ್ತಾ?"

"ಆಗುತ್ತೆ," ಎಂದಳು ಹಿಲ್ಕೆ. ಫೋನು ಇಟ್ಟ ಮೇಲೂ ಚೀಸಿನ ಚೂರು ಕೈಯಲ್ಲೇ ಇತ್ತು.

ಕಾಯಂ. ಜ್ವರ ಬಂದರೂ ಸಂಬಳ, ರಜೆ ಹಾಕಿದರೂ ಸಂಬಳ. ಗಂಡ ಬಿಟ್ಟು ಹೋದಾಗಿನಿಂದ ಹಿಲ್ಕೆ ತನ್ನ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು, ಆದರೆ ಗುತ್ತಿಗೆಯವಳಾಗಿ. ಕಾಗದದ ಮೇಲೆ ಅವಳೇ ಒಂದು ಕಂಪನಿ. ಒಡತಿಯೂ ಅವಳೇ, ಆಳೂ ಅವಳೇ. ನೀರಿನಲ್ಲಿ ನಿಂತ ಗಂಟೆಗೆ ದುಡ್ಡು, ನಿಲ್ಲದ ಗಂಟೆಗೆ ಏನೂ ಇಲ್ಲ. ಹೋದ ಚಳಿಗಾಲದಲ್ಲಿ ಕಿವಿ ಕೀವಾಗಿ ತಲೆ ಸಿಡಿಯುತ್ತಿದ್ದಾಗಲೂ ಹತ್ತಿ ತುರುಕಿಕೊಂಡು ಕಲಿಸಿದ್ದಳು. ಒಡತಿ ಆಳಿಗೆ ರಜೆ ಕೊಟ್ಟಿರಲಿಲ್ಲ.

ಆ ಗುತ್ತಿಗೆಯಲ್ಲಿ ಒಂದು ಷರತ್ತಿತ್ತು. ಅವರಿಗೆ ಅವಳು ಬೇಡವಾದರೆ ಎರಡು ವಾರ ಮೊದಲು ತಿಳಿಸಿದರೆ ಸಾಕು, ಯಾವತ್ತಿನಿಂದ ಬೇಕಾದರೂ. ಅವಳಿಗೆ ಅವರು ಬೇಡವಾದರೆ ಎರಡು ತಿಂಗಳು ಮೊದಲು ತಿಳಿಸಬೇಕು, ಅದೂ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಲೆಕ್ಕ. ನಡುವೆ ಎದ್ದು ಹೋದರೆ ದಂಡ. ಸಹಿ ಹಾಕುವಾಗ ಓದಿದ್ದಳು, ಓದಲಿಲ್ಲವೆಂದಲ್ಲ. ಆಗ ಅವಳಿಗೆ ಬೇಕಾಗಿದ್ದುದು ಬಾಡಿಗೆ, ನ್ಯಾಯವಲ್ಲ.

ಅವತ್ತು ಜನವರಿಯ ಕೊನೆಯ ದಿನ. ಅವತ್ತೇ ತಿಳಿಸಿದರೆ ಫೆಬ್ರವರಿ, ಮಾರ್ಚ್ ಕಳೆದು ಏಪ್ರಿಲ್ ಒಂದಕ್ಕೆ ಬಿಡುಗಡೆ. ಒಂದು ರಾತ್ರಿ ತಡವಾದರೆ ಏಪ್ರಿಲ್ಲೂ ಇಲ್ಲೇ, ಆ ಕೆಲಸ ಕೈಬಿಟ್ಟಂತೆಯೇ.

"ಇವತ್ತೇ ಹೇಳ್ತೀಯಾ?" ಎಂದಳು ಮಗಳು ಮಿರ್ತೆ. ಹನ್ನೆರಡು ದಾಟಿದ ಮೇಲೆ ಅವಳಿಗೆ ತಾಯಿಯನ್ನು ಬೆಳೆಸುವ ಜವಾಬ್ದಾರಿ ತನ್ನದೆಂದು ತೋರತೊಡಗಿತ್ತು.

"ಇವತ್ತೇ. ನೋಟಿಸು ಅಚ್ಚು ಹಾಕ್ಕೊಂಡು ಹೋಗ್ತಿದ್ದೀನಿ ನೋಡು."

"ಕೊಟ್ಟೇ ಬಾ ಮತ್ತೆ. ಹೋದ ಸಲ ಗಂಟೆಗೆ ಎರಡು ಯೂರೋ ಜಾಸ್ತಿ ಕೇಳ್ತೀನಿ ಅಂತ ಹೋಗಿ ನಿಮ್ಮ ಮ್ಯಾನೇಜರನ ನಾಯಿಮರಿ ಫೋಟೋ ನೋಡ್ಕೊಂಡು ಬಂದೆ."

"ಮರಿ ಚೆನ್ನಾಗಿತ್ತು," ಎಂದಳು ಹಿಲ್ಕೆ. ಕಾಗದವನ್ನು ಮಡಿಸಿ ಕೋಟಿನ ಜೇಬಿಗಿಟ್ಟು, ಸರೋವರದ ಏರಿಯ ಮೇಲೆ ಎದುರು ಗಾಳಿಯಲ್ಲಿ ಸೈಕಲ್ಲು ತುಳಿದಳು.

ಕೊಳದ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟಳು. ಈಜುವವರನ್ನು ಕಾಯುವ ಕಾವಲುಗಾರನ ಎತ್ತರದ ಕುರ್ಚಿಯ ಮೇಲೆ ಅಬ್ರಹಾಂ ಕೂತಿದ್ದ. ಹಳೆಯ ಟವೆಲ್ಲುಗಳನ್ನು ತುಂಬಿದ ಮೈ, ನೆಲ ಒರೆಸುವ ದಾರದ ಗಡ್ಡ, ಈಜುಚಡ್ಡಿ. ಐವತ್ತು ತುಂಬಿದ ಗಂಡಸು ಬೈಬಲಿನ ಅಬ್ರಹಾಮನನ್ನು ನೋಡಿದ ಎನ್ನುತ್ತಾರೆ ಆ ನಾಡಿನಲ್ಲಿ. ಅದಕ್ಕೇ ಆ ಗೊಂಬೆ. ಮ್ಯಾನೇಜರ್ ರೂಲೊಫನಿಗೆ ಅವತ್ತು ಐವತ್ತು.

ಹಿಲ್ಕೆಗೆ ಹೇಗೆ ಗೊತ್ತಾಗಬೇಕು? ಸಿಬ್ಬಂದಿಯ ಹುಟ್ಟುಹಬ್ಬಗಳನ್ನೆಲ್ಲ ಬರೆದ ಕ್ಯಾಲೆಂಡರು ಅವರ ಪಾಯಿಖಾನೆಯ ಬಾಗಿಲ ಹಿಂದೆ ತೂಗುತ್ತಿತ್ತು, ಗುತ್ತಿಗೆಯವರ ಬಳಕೆಗೆ ಬೇರೆ ಪಾಯಿಖಾನೆ. ಹಾಗೆಂದು ಮುಖ್ಯ ಕಚೇರಿಯ ಅಪ್ಪಣೆ. ಗುತ್ತಿಗೆಯವರನ್ನು ಮನೆಯವರಂತೆ ನೋಡಿಕೊಂಡರೆ ತೆರಿಗೆಯವರು ಬಂದು 'ಇವರು ನಿಮ್ಮ ನೌಕರರೇ ಅಲ್ಲವೇ' ಎಂದು ಹಿಡಿಯುತ್ತಾರಂತೆ. ಆದ್ದರಿಂದ ಕ್ರಿಸ್‌ಮಸ್ಸಿನ ಉಡುಗೊರೆ ಪೆಟ್ಟಿಗೆ ಇಲ್ಲ, ಗುಂಪು ಫೋಟೋದಲ್ಲಿ ಜಾಗ ಇಲ್ಲ, ಕಾಫಿಯನ್ನೂ ಹಿಲ್ಕೆ ಯಂತ್ರದ ಪಕ್ಕದಲ್ಲಿ ನಿಂತೇ ಕುಡಿಯುತ್ತಿದ್ದಳು. ಯಾರೂ ಅವಳನ್ನು ಕೀಳಾಗಿ ಕಂಡವರಲ್ಲ. ಮ್ಯಾನೇಜರಿಗೂ ನೀನು, ಕಸ ಗುಡಿಸುವವನಿಗೂ ನೀನು ಎನ್ನುವ ಜಾಗ ಅದು. ಕೂರು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅವತ್ತು ರೂಲೊಫನೇ ಕೂಗಿದ. "ಹಿಲ್ಕೆ! ಅಲ್ಯಾಕೆ ಕಂಬದ ಹಾಗೆ ನಿಂತಿದ್ದೀಯ? ಕುರ್ಚಿ ಎಳ್ಕೊಂಡು ಬಾ. ಇವತ್ತು ಮುಖ್ಯ ಕಚೇರಿ ಕಣ್ಣು ಮುಚ್ಕೊಂಡಿದೆ."

ಕುರ್ಚಿಗಳು ವೃತ್ತವಾಗಿದ್ದವು. ಪದ್ಧತಿಯಂತೆ ಹಿಲ್ಕೆ ಎಲ್ಲರ ಕೈ ಕುಲುಕಿದಳು. ರೂಲೊಫನಿಗೆ ಶುಭಾಶಯ, ಗಂಡನಿಗೆ ಐವತ್ತಾದದ್ದಕ್ಕೆ ಹೆಂಡತಿಗೆ ಶುಭಾಶಯ, ಮಗನಿಗಾದದ್ದಕ್ಕೆ ಮುದಿತಾಯಿಗೆ ಶುಭಾಶಯ, ಮ್ಯಾನೇಜರಿಗಾದದ್ದಕ್ಕೆ ಕಾವಲುಗಾರ ತೀಮೆನ್‌ಗೂ ಶುಭಾಶಯ.

"ನನಗ್ಯಾಕವ್ವಾ? ನಾನೇನು ಹೆತ್ತಿದ್ದೀನಾ ಇವನನ್ನ?" ಎಂದ ತೀಮೆನ್. "ಹೆತ್ತಿದ್ರೆ ಇಷ್ಟು ಹೊತ್ತಿಗೆ ಕಿವಿ ಹಿಂಡಿ ಹಾಗೆ ನೇತಾಕಿರ್ತಿದ್ದೆ." ಎಲ್ಲರೂ ನಕ್ಕರು. ಹಿಲ್ಕೆಯ ತಟ್ಟೆಗೊಂದು ಕೇಕು ಬಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ವೃತ್ತದಲ್ಲಿ ಕೂತೇ ತಿಂದಳು.

ಕೇಕು ಮುಗಿದ ಮೇಲೆ ಅವಳು ರೂಲೊಫನ ಪಕ್ಕಕ್ಕೆ ಬಂದಳು. "ಒಂದು ಮಾತಿತ್ತು."

"ಸಿಹೀನಾ, ಖಾರಾನಾ?"

"ಕೆಲಸದ್ದು."

"ಹಾಗಾದ್ರೆ ನಾಳೆ. ಇವತ್ತು ಕೆಲಸದ ಮಾತು ಎತ್ತಿದವರ ಕೇಕು ವಾಪಸ್ ಅಂತ ನಮ್ಮಮ್ಮನ ಕಟ್ಟಪ್ಪಣೆ."

"ನಾನೆಲ್ಲಿ ಹೇಳಿದ್ನೋ ಸುಳ್ಳುಗಾರ!" ಎಂದಿತು ಮುದುಕಿ.

"ಇವತ್ತೇ ಹೇಳಬೇಕಿತ್ತು, ರೂಲೊಫ್."

"ನಾಳೆ ಬೆಳಿಗ್ಗೆ ಮೊದಲು ನಿಂದೇ. ಆಯ್ತಾ?" ಅವಳ ಭುಜ ತಟ್ಟಿ ಅವನು ಇನ್ನೊಬ್ಬರ ಕಡೆ ತಿರುಗಿದ.

ಅವಳ ಕೈ ಜೇಬಿನಲ್ಲೇ ಇತ್ತು. ತೆಗೆದು ಅವನ ಕೈಗಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಹುಟ್ಟಿದ್ದು ಫ್ರೀಸ್‌ಲ್ಯಾಂಡಿನ ಹೈನುಗಾರರ ಮನೆಯಲ್ಲಿ. ಒಮ್ಮೆ ಅವಳಪ್ಪನ ಹುಟ್ಟುಹಬ್ಬದ ದಿನ, ಹಸು ಹಳ್ಳಕ್ಕೆ ಬಿದ್ದು ಸತ್ತ ಸುದ್ದಿ ತಂದ ಪಕ್ಕದ ಮನೆಯವನು ವೃತ್ತದಲ್ಲಿ ಕೂತು, ಎಲ್ಲರ ಕೈ ಕುಲುಕಿ, ಎರಡು ಲೋಟ ಕಾಫಿ ಕುಡಿದು, ಎದ್ದು ಹೋಗುವಾಗ ಬಾಗಿಲಲ್ಲಿ ಹೇಳಿದ್ದ. ಅದು ಮರ್ಯಾದೆ. ಅವಳ ಅಪ್ಪನೂ ಅವನನ್ನು ಆಮೇಲೆ ಹೊಗಳಿದ್ದ.

ಸಂಜೆ ಮಿರ್ತೆ ತಲೆ ಚಚ್ಚಿಕೊಂಡಳು. "ಫೋನಿಂದ ಕಳಿಸಮ್ಮಾ. ಒಂದು ಸಲ ಒತ್ತಿದ್ರಾಯ್ತು."

"ಐವತ್ತು ತುಂಬಿದ ದಿನ, ಮನೇಲಿ ನೆಂಟರು ಕೂತಿರೋವಾಗ, ಮನುಷ್ಯನ ಬೆನ್ನಿಗೆ ಕಲ್ಲು ಹೊಡೆದ ಹಾಗೆ? ಇದು ಮುಖ ನೋಡಿ ಹೇಳೋ ಮಾತು. ನಾಳೆ ಅಂತ ಅವನೇ ಬಾಯಿಬಿಟ್ಟು ಹೇಳಿದ್ದಾನಲ್ಲ."

"ಅವನು ಹೇಳ್ತಾನೆ. ಅವನಿಗೇನು?"

ಮರುದಿನ ಬೆಳಿಗ್ಗೆ ರೂಲೊಫ್ ಕಾಗದ ಓದಿದ. ನಿಜವಾಗಿಯೂ ಬೇಜಾರುಪಟ್ಟ, ಅದರಲ್ಲಿ ನಾಟಕವಿರಲಿಲ್ಲ. "ಛೆ ಹಿಲ್ಕೆ. ನಿನ್ನಂಥವಳು ಸಿಗಲ್ಲ ನಂಗೆ." ಆಮೇಲೆ ಕ್ಯಾಲೆಂಡರಿನ ಕಡೆ ನೋಡಿದ. "ಇವತ್ತು ಒಂದು. ಹಾಗಾದ್ರೆ ಏಪ್ರಿಲ್ ಕೊನೆವರೆಗೂ ಇರ್ತೀಯ."

"ಇಲ್ಲ. ಮಾರ್ಚ್ ಕೊನೆ. ನಿನ್ನೆನೇ ಕೊಡೋಕೆ ಬಂದಿದ್ದೆ. ನೀನೇ ನಾಳೆ ಅಂದೆ."

"ಅದು ಹುಟ್ಟುಹಬ್ಬದವನು ಅಂದಿದ್ದು, ಮಾರಾಯ್ತಿ. ಮ್ಯಾನೇಜರ್ ಅಂದಿದ್ದಲ್ಲ."

"ಇಬ್ಬರಿಗೂ ಬಾಯಿ ಒಂದೇ ಅಲ್ವಾ?"

ಅವನು ನಗಲಿಲ್ಲ. "ನಿನ್ನೆ ತಾರೀಕು ಹಾಕಿದ್ರೆ ಮುಖ್ಯ ಕಚೇರಿ ನನ್ನ ಕೇಳುತ್ತೆ, ನಿನ್ನೆ ಯಾಕೆ ಕಳಿಸಲಿಲ್ಲ ಅಂತ. ಏಪ್ರಿಲ್‌ಗೆ ನಿನ್ನ ಜಾಗಕ್ಕೆ ಯಾರನ್ನ ತರಲಿ ನಾನು? ಗುತ್ತಿಗೇಲಿ ಬರೆದಿದೆ. ನೀನೇ ಸಹಿ ಹಾಕಿದ್ದೀಯ."

"ಒಂದು ತಿಂಗಳು, ರೂಲೊಫ್. ನನಗೆ ಕಾಯಂ ಕೆಲಸ ಕಣೋ. ಬೇಡ್ಕೊಳ್ತಿದ್ದೀನಿ."

"ನನ್ನ ಕೈಯಲ್ಲಿದ್ದಿದ್ರೆ..." ಎಂದ. ಹಾಗೆನ್ನುವವರ ಕೈಯಲ್ಲಿ ಸದಾ ಏನಾದರೂ ಇದ್ದೇ ಇರುತ್ತದೆ. ಅವನ ಕೈಯಲ್ಲಿ ಪೆನ್ನಿತ್ತು.

ಔಕ್ಯೆ ಕೆಟ್ಟವಳಲ್ಲ. ಒಂದು ತಿಂಗಳು ತಡೆಯಬಹುದೇ ಎಂದು ಹಿಲ್ಕೆ ಕೇಳಿದ್ದಕ್ಕೆ ಎರಡು ದಿನ ಯೋಚಿಸಿ ಫೋನು ಮಾಡಿದಳು. "ಒಂದು ತಿಂಗಳು ಮಕ್ಕಳನ್ನ ನೀರಿಗಿಳಿಸದೆ ದಡದಲ್ಲಿ ಕೂರಿಸಲಾ ಹೇಳು? ಇನ್ನೊಬ್ಬಳು ಒಪ್ಪಿದ್ದಾಳೆ. ಬೇಜಾರು ಮಾಡ್ಕೋಬೇಡ್ವೇ." ಹಿಲ್ಕೆ ಬೇಜಾರಿಲ್ಲ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಪವಾಸ ಬೇಡವೆಂದರೆ ಹಳೆಯ ತಟ್ಟೆಗೇ ಕೈ ಹಾಕಬೇಕು. ನೋಟಿಸು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ರೂಲೊಫನಿಗೆ ಹೇಳಿದಳು. ಅವನು ಅದನ್ನು ಅವಳ ಕಣ್ಣೆದುರೇ ಹರಿದು ಬುಟ್ಟಿಗೆ ಹಾಕಿ, "ನೀನು ನಮ್ಮವಳು ಕಣೇ," ಎಂದ. ಎಷ್ಟು ಹಗುರಾಗಿದ್ದನೆಂದರೆ ಯಂತ್ರದಿಂದ ತಾನೇ ಕಾಫಿ ತಂದುಕೊಟ್ಟ. ಅವಳು ನಿಂತೇ ಕುಡಿದಳು.

ಫೆಬ್ರವರಿಯಿಡೀ ಅವಳು ಫೆನ್ನಳ ಹಿಂದೆ ಬಿದ್ದಿದ್ದಳು. ಏಳು ವರ್ಷದ ಹುಡುಗಿ, ಮೀನಿನಂತೆ ಈಜುತ್ತಾಳೆ, ತೂತಿಗೆ ಮಾತ್ರ ಹೆದರುತ್ತಾಳೆ. ಮಕ್ಕಳ ಈಜು ಡಿಪ್ಲೊಮಾ ಪರೀಕ್ಷೆಯಲ್ಲಿ ನೀರೊಳಗೆ ಒಂದು ಕಪ್ಪು ಪರದೆ ಇಳಿಬಿಡುತ್ತಾರೆ. ಅದರ ನಡುವೆ ಒಂದು ತೂತು. ಬಟ್ಟೆ, ಬೂಟು ಹಾಕಿಕೊಂಡು ಮುಳುಗಿ ಆ ತೂತಿನೊಳಗಿಂದ ಆಚೆ ಬರಬೇಕು. ಕಾಲುವೆಗಳ ನಾಡಿನಲ್ಲಿ ಅದು ಬಾರದ ಮಗುವಿಗೆ ಡಿಪ್ಲೊಮಾ ಇಲ್ಲ, ಡಿಪ್ಲೊಮಾ ಇಲ್ಲದ ಮಗುವನ್ನು ಯಾರ ಮನೆಯ ಅಂಗಳದ ಕೊಳಕ್ಕೂ ಕರೆಯುವುದಿಲ್ಲ.

ಫೆನ್ನ ಎರಡು ಸಲ ಪರೀಕ್ಷೆಯಲ್ಲಿ ತೂತಿನ ತನಕ ಹೋಗಿ ವಾಪಸ್ ಬಂದಿದ್ದಳು. "ಒಳಗೆ ಯಾರೋ ಬಾಯಿ ತೆರ್ಕೊಂಡು ಕೂತಿದ್ದಾರೆ," ಎನ್ನುತ್ತಿದ್ದಳು.

ಹಿಲ್ಕೆ ಪಾತ್ರೆ ತೊಳೆಯುವ ಹಳದಿ ಕೈಗವಸು ತೊಟ್ಟು, ಪರದೆಯ ಆಚೆ ದಡದಲ್ಲಿ ಮಲಗಿ, ತೋಳನ್ನು ನೀರಿಗಿಳಿಸಿ ಬೆರಳಾಡಿಸಿದಳು. "ಹಳದಿ ಕಂಡ್ರೆ ನಾನಿದ್ದೀನಿ ಅಂತ ಅರ್ಥ. ಬಂದು ಕೈಗೆ ಒಂದೇಟು ಹಾಕು." ಹತ್ತಾರು ಸಲ ಸೋತ ಮೇಲೆ ಒಂದು ದಿನ ತಣ್ಣನೆಯ ಪುಟ್ಟ ಏಟು ಅಂಗೈಗೆ ಬಿತ್ತು. ಮೇಲೆ ಬಂದ ಫೆನ್ನ ಕೆಮ್ಮುತ್ತಾ ಕಿರುಚಿದಳು, "ಜೋರಾಗಿ ಬಿತ್ತಾ?"

"ಮುರಿದೇ ಹೋಯ್ತು," ಎಂದಳು ಹಿಲ್ಕೆ.

ಪರೀಕ್ಷೆ ಮಾರ್ಚ್ ಕೊನೆಯ ಶನಿವಾರವಿತ್ತು. ಮಾರ್ಚ್ ಎರಡನೇ ವಾರದಲ್ಲಿ ರೂಲೊಫ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಮೇಜಿನ ಮೇಲೆ ಮುಖ್ಯ ಕಚೇರಿಯ ಕಾಗದ. 'ತಮ್ಮ ಸೇವೆಗೆ ಕೃತಜ್ಞರಾಗಿದ್ದೇವೆ' ಎಂದು ಶುರುವಾಗಿತ್ತು. ಅಲ್ಲಿ ಅವಳಿಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ತೆರಿಗೆಯವರ ಕಾಟ ಹೆಚ್ಚಾದ್ದರಿಂದ ಎಲ್ಲ ಗುತ್ತಿಗೆಯವರನ್ನೂ ಬಿಡಲಾಗುತ್ತಿದೆ. ಇವತ್ತಿನಿಂದ ಎರಡು ವಾರ.

"ಪರೀಕ್ಷೆ?" ಎಂದಳು ಹಿಲ್ಕೆ.

"ಬೇರೆ ಕೊಳದಿಂದ ಟಿನೆಕೆ ಅಂತ ಒಬ್ಬಳು ಬರ್ತಾಳೆ. ಹಿಲ್ಕೆ, ನನ್ನ ಕೈಯಲ್ಲಿ..."

"ನಿನಗೆ ಯಾವಾಗಿಂದ ಗೊತ್ತಿತ್ತು?"

ಅವನು ಕಿಟಕಿಯಾಚೆ ನೋಡಿದ. "ಮಾತು ನಡೀತಿತ್ತು. ಹೊಸ ವರ್ಷದಿಂದ. ಯಾವಾಗ ಅಂತ ಗೊತ್ತಿರಲಿಲ್ಲ, ದೇವರಾಣೆ."

"ಹಾಗಾದ್ರೆ ನಾನು ಬೇಡ್ಕೊಂಡ ದಿನ?"

"ಅವತ್ತು ಬಾಯಿಬಿಟ್ಟಿದ್ರೆ ನೀನು ಹೋಗ್ತಿದ್ದೆ. ನಿನ್ನ ಹಿಂದೆ ಉಳಿದವರೂ ಹೋಗ್ತಿದ್ರು. ಕೊಳಕ್ಕೆ ಬೀಗ ಹಾಕಬೇಕಿತ್ತು."

ಕನಿಷ್ಠ ಸುಳ್ಳು ಹೇಳಲಿಲ್ಲ ಎಂದುಕೊಂಡಳು. ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಕೇಳು. ಇಲ್ಲೇ ಒಂದು ಕಾಯಂ ಜಾಗ ಆಗ್ತಿದೆ. ನಿನ್ನ ಹೆಸರು ಹೇಳಿದ್ದೀನಿ. ಒಂದೇ ಮಾತು, ಮಕ್ಕಳ ಅಪ್ಪ ಅಮ್ಮಂದಿರಿಗೆ ಏನೂ ಹೇಳ್ಬೇಡ. ಪರೀಕ್ಷೆ ಮುಗೀಲಿ. ಅವರು ಗಲಾಟೆ ಎಬ್ಬಿಸಿದ್ರೆ ಮೊದಲು ಹೋಗೋದು ನಿನ್ನ ಹೆಸರೇ."

ಹಿಲ್ಕೆ ಬಾಯಿಗೆ ಬೀಗ ಹಾಕಿಕೊಂಡಳು. ಮಿರ್ತೆಗೂ ಅರ್ಧವಷ್ಟೇ ಹೇಳಿದಳು. ಎರಡು ವಾರವೂ ಫೆನ್ನಳ ತಾಯಿ ಲೀಸ್ಬೆತ್ ಗಾಜಿನಾಚೆ ಕೂತು ಕೈಬೀಸುತ್ತಿದ್ದಳು, ಹಿಲ್ಕೆಯೂ ಬೀಸುತ್ತಿದ್ದಳು.

"ಪರೀಕ್ಷೆ ದಿನ ನೀನೇ ಕೈ ಇಡ್ತೀಯಲ್ಲ?" ಎಂದು ಕೇಳಿದಳು ಫೆನ್ನ ಒಂದು ದಿನ.

"ಮೊದಲು ಬೂಟಿನ ದಾರ ಕಟ್ಟು," ಎಂದಳು ಹಿಲ್ಕೆ.

ಕೊನೆಯ ದಿನ ತೀಮೆನ್ ಅವಳ ಜೊತೆ ಹಗ್ಗಗಳನ್ನು ಸುತ್ತಿಡುತ್ತಿದ್ದ. "ಮುಂದೇನವ್ವಾ?" ಎಂದ.

"ಇಲ್ಲೇ ಒಂದು ಜಾಗ ಆಗುತ್ತಂತಲ್ಲ. ರೂಲೊಫ್ ನನ್ನ ಹೆಸರು ಹೇಳಿದ್ದಾನೆ."

ತೀಮೆನ್ ಹಗ್ಗ ಸುತ್ತುವುದನ್ನು ನಿಲ್ಲಿಸಿದ. "ಯಾವ ಜಾಗ? ಟಿನೆಕೆದಾ? ಅದು ತುಂಬಿ ಎಷ್ಟೋ ದಿನ ಆಯ್ತು. ಅವಳ ಹೆಸರಿನ ಲಾಕರಿಗೆ ಬೀಗನೂ ನಾನೇ ಹಾಕಿಸಿದ್ದೀನಿ. ಬೇರೆ ಜಾಗ ಯಾವುದೂ ಇಲ್ಲ ಕಣವ್ವಾ. ನಿನ್ನ ಮೂಗಿಗೆ ತುಪ್ಪ ಸವರಿದ್ದಾನೆ." ಸ್ವಲ್ಪ ತಡೆದು, "ಒಳ್ಳೆಯವನೇ. ಬೆನ್ನುಮೂಳೆ ಒಂದಿಲ್ಲ ಅಷ್ಟೇ," ಎಂದ.

ಹಿಲ್ಕೆ ತನ್ನ ಟವೆಲ್ಲು, ಸೀಟಿ, ಚಪ್ಪಲಿ ಚೀಲಕ್ಕೆ ತುಂಬಿಕೊಂಡಳು. ಹಳದಿ ಗವಸನ್ನು ಗೂಟಕ್ಕೇ ನೇತುಹಾಕಿ ಬಂದಳು. ಅಪ್ಪ ಅಮ್ಮಂದಿರಿಗೆ ಅವತ್ತಾದರೂ ಹೇಳಬಹುದಿತ್ತು, ಇನ್ನು ಕಳೆದುಕೊಳ್ಳುವುದಕ್ಕೇನಿತ್ತು? ಆದರೆ ಅವಳು ಯಾರ ಮುಖವನ್ನೂ ನೋಡದೆ ಹಿಂಬಾಗಿಲಿನಿಂದ ಸೈಕಲ್ಲು ಹತ್ತಿದಳು.

ಸರೋವರದ ಏರಿಯ ಪಕ್ಕ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳಿದ್ದವು. ಶನಿವಾರಗಳಂದು ಅವನ್ನು ತೊಳೆದು, ಹಾಸಿಗೆ ಬದಲಿಸುವ ಕೆಲಸ ಸಿಕ್ಕಿತು. ಪರೀಕ್ಷೆಯ ಶನಿವಾರ ಬೆಳಿಗ್ಗೆ ಅವಳು ದಿಂಬಿಗೆ ಗವಸು ಹಾಕುತ್ತಿದ್ದಾಗ ಫೋನು ಬಡಿದುಕೊಂಡಿತು.

"ಹಿಲ್ಕೆ, ನಾನು," ಎಂದ ರೂಲೊಫ್. ಹಿಂದೆ ಕೊಳದ ಗದ್ದಲ, ಸೀಟಿ, ನೀರು. "ಎಲ್ಲಿದ್ದೀಯ? ಐದು ನಿಮಿಷ ಬರ್ತೀಯಾ? ಫೆನ್ನ ತೂತು ದಾಟ್ತಾನೇ ಇಲ್ಲ. ಟಿನೆಕೆ ನಿನ್ನ ಗವಸು ಹಾಕ್ಕೊಂಡು ಕೈ ಇಟ್ಟಳು, ಮಗು ಮುಳುಗಿ ನೋಡಿ ಇದು ಆ ಕೈ ಅಲ್ಲ ಅಂತ ಅಳ್ತಾ ಇದೆ. ಎಲ್ಲ ಮಕ್ಕಳೂ ಮುಗಿಸಿದ್ವು. ಅವಳಿಗೋಸ್ಕರ ಕಾಯ್ತಿದ್ದೀವಿ."

ಏರಿಯ ಮೇಲಿಂದ ಕೊಳಕ್ಕೆ ಸೈಕಲ್ಲಿನಲ್ಲಿ ಕಾಲು ಗಂಟೆಯೂ ಬೇಡ. ಬೆನ್ನ ಹಿಂದಿನ ಗಾಳಿ ಬೇರೆ.

"ಎಷ್ಟು ದಿನದ ನೋಟಿಸು ಕೊಡ್ತಿದ್ದೀಯ ನಂಗೆ?" ಎಂದಳು ಹಿಲ್ಕೆ.

"ಏನು?"

"ನಾನು ಬರಬೇಕಾದ್ರೆ ಎರಡು ತಿಂಗಳು ಮೊದಲು ತಿಳಿಸ್ಬೇಕು. ಒಂದನೇ ತಾರೀಕಿಂದ ಲೆಕ್ಕ."

"ಹಿಲ್ಕೆ, ಇದು ಮಗು ವಿಷಯ ಕಣೇ. ನನ್ನ ಮೇಲಿನ ಸಿಟ್ಟು..."

"ನನ್ನ ಕೈಯಲ್ಲಿಲ್ಲ, ರೂಲೊಫ್."

ಹೇಳಿದಾಗ ನಾಲಿಗೆಗೆ ರುಚಿಯಾಗಿತ್ತು, ಅದನ್ನು ಅವಳು ಮುಚ್ಚಿಟ್ಟುಕೊಳ್ಳಲಿಲ್ಲ. ಅವನು ಏನೋ ಹೇಳತೊಡಗಿದ. ಅವನ ದನಿಯ ಹಿಂದೆ, ಬಹಳ ಹಿಂದೆ, ಒಂದು ಮಗು ಬಿಕ್ಕುವುದು ಕೇಳಿಸಿತು. ಫೆನ್ನಳೇ ಇರಬೇಕೆಂದೇನಿಲ್ಲ, ಕೊಳದಲ್ಲಿ ಯಾವಾಗಲೂ ಒಂದು ಮಗು ಅಳುತ್ತಲೇ ಇರುತ್ತದೆ. ಹಿಲ್ಕೆ ಫೋನು ಇಟ್ಟಳು. ದಿಂಬನ್ನು ಕೊಡವಿ ಜಾಗದಲ್ಲಿಟ್ಟಳು. ಸರಿ ಕೂರಲಿಲ್ಲವೆಂದು ಮತ್ತೆ ತೆಗೆದಳು. ಹೊರಗೆ ಬಂದು ಸೈಕಲ್ಲಿನ ಬೀಗವನ್ನೂ ತೆಗೆದಳು, ಹತ್ತಲಿಲ್ಲ. ಇಷ್ಟು ಹೊತ್ತಿಗೆ ಮುಗಿದಿರುತ್ತದೆ ಎಂದುಕೊಂಡಳು. ಹಾಗೆಂದುಕೊಳ್ಳುತ್ತಾ ಅಲ್ಲೇ ನಿಂತಳು, ನಿಜವಾಗಿಯೂ ಮುಗಿಯುವ ತನಕ.

ಆಮೇಲೆ ಒಂದು ದಿನ ಸಂತೆಯಲ್ಲಿ, ಮೀನಿನ ಗಾಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ, ಬೆನ್ನ ಹಿಂದೆ ಲೀಸ್ಬೆತ್‌ಳ ದನಿ ಕೇಳಿಸಿತು. "ಓಹೋ. ಬದುಕಿದ್ದೀಯಾ?" ಪಕ್ಕದಲ್ಲಿ ಫೆನ್ನ ಇದ್ದಳು.

"ಹೇಗಿದ್ದೀರಿ?" ಎಂದಳು ಹಿಲ್ಕೆ.

"ಹೇಗಿರೋದು? ಇನ್ನು ನೀರಿಗೇ ಇಳಿಯಲ್ಲ ಅಂತ ಕೂತಿದ್ದಾಳೆ. ಸ್ನಾನದ ತೊಟ್ಟಿಗೂ ಇಳಿಯಲ್ಲ." ಲೀಸ್ಬೆತ್‌ಳ ಕೈ ಮಗಳ ಭುಜದ ಮೇಲಿತ್ತು. "ಬಿಟ್ಟು ಹೋಗು, ನಿನ್ನಿಷ್ಟ. ಮೊದಲೇ ಒಂದು ಮಾತು ಹೇಳೋಕೆ ಏನಾಗಿತ್ತು? ನಾಲ್ಕು ದಿನ ಮುಂಚೆ ಹೇಳಿದ್ರೂ ಸಾಕಿತ್ತು, ನಾನು ಅವಳನ್ನ ಕೂರಿಸ್ಕೊಂಡು ಹೇಳ್ತಿದ್ದೆ, ಬೇರೆ ಕೈ ಇರುತ್ತೆ ಮರಿ ಅಂತ. ಪರೀಕ್ಷೆ ದಿನ ಬೆಳಿಗ್ಗೆ ಎದ್ದು ನಿನಗೆ ತೋರಿಸ್ಬೇಕು ಅಂತ ಹೊಸ ಬೂಟು ಹಾಕ್ಕೊಂಡು ಬಂದಿತ್ತು ಅದು."

ಹಿಲ್ಕೆಯ ಬಾಯಿಯಿಂದ ಮಾತು ತಾನಾಗಿಯೇ ಬಂತು. "ನಂಗೂ ಗೊತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ತೆಗೆದುಹಾಕಿದ್ರು. ಹಿಂದಿನ ದಿನ ಹೇಳಿದ್ರು, ಅಷ್ಟೇ."

ಲೀಸ್ಬೆತ್‌ಳ ಮುಖ ಕರಗಿಹೋಯಿತು. "ಅಯ್ಯೋ! ಹಿಂದಿನ ದಿನ?" ಅವಳು ಹಿಲ್ಕೆಯ ತೋಳು ಹಿಡಿದುಕೊಂಡಳು. "ಎಂಥ ಜನ ಇವರು! ಒಬ್ಬ ಮನುಷ್ಯನಿಗೆ ಎರಡು ವಾರ ಆದ್ರೂ ಟೈಮ್ ಕೊಡಬಾರದಾ? ನಾನು ಸುಮ್ಮನೆ ನಿನ್ನನ್ನ ಬೈಕೊಂಡೆನಲ್ಲ. ತಪ್ಪಾಯ್ತು ಕಣೇ." ಮಗಳ ಕಡೆ ಬಗ್ಗಿದಳು. "ಕೇಳಿದ್ಯಾ ಮರಿ? ಇವಳಿಗೂ ಯಾರೂ ಹೇಳಿರ್ಲಿಲ್ವಂತೆ. ಇವಳದ್ದೇನೂ ತಪ್ಪಿಲ್ಲ."

ಫೆನ್ನ ಹಿಲ್ಕೆಯನ್ನು ನೋಡಿದಳು. ನಂಬಿದಳೋ ಇಲ್ಲವೋ ಆ ಮುಖದಲ್ಲಿ ಏನೂ ಇರಲಿಲ್ಲ. ಅಮ್ಮನ ಕೋಟಿನ ಹಿಂದಕ್ಕೆ ಸರಿದು ನಿಂತಳು.

"ಮುಂದೆ ಯಾರು?" ಎಂದ ಮೀನಿನವನು.

ಸರದಿ ಹಿಲ್ಕೆಯದು. ಅವಳು ಪಕ್ಕಕ್ಕೆ ಸರಿದು ಅವರಿಬ್ಬರನ್ನೂ ಮುಂದೆ ಬಿಟ್ಟಳು. ಲೀಸ್ಬೆತ್ ಅದಕ್ಕೂ ಥ್ಯಾಂಕ್ಸ್ ಹೇಳಿದಳು.